ಮೂರೋ ನಾಲ್ಕೋ

ಹಲ್ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಬುಧವಾರ ಬುಧವಾರ
ನಾನೂ ಮೂರೀನ್ ಥ್ಯಾಕ್ರೆಯೂ
ಬೆನ್ನಿಗೆ ಬೆನ್ನು ಹಾಕಿ ಕೂತು
ಕಾಣದ ಗಂಡಸರ ಒಳಗನ್ನು ಓದುತ್ತೇವೆ.
ಹೆಸರಿಲ್ಲ, ಬರೀ ನಂಬರು.
ಒಂದರಿಂದ ಐದರವರೆಗೆ ಅಂಕ.
ಶಾಲೆಯಲ್ಲಿ ಹೆಚ್ಚು ಬಂದರೆ ಪೇಡೆ,
ಇಲ್ಲಿ ಹೆಚ್ಚು ಬಂದವನ ಮನೆಗೆ ಫೋನು.

ಒಂದು ಸುಲಭ. ಐದೂ ಸುಲಭವೇ,
ತಾನಾಗಿ ಬಾಯಿಬಿಡುತ್ತದೆ.
ಕಷ್ಟ ಮೂರರದು.
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ
ಆ ಕಡೆಗೂ ಒಂದಿಷ್ಟು ಬೆಳಕು, ಈ ಕಡೆಗೂ ಒಂದಿಷ್ಟು,
ಇಟ್ಟವರ ಕೈ ಮಾತ್ರ ಸುಡದು.

ಅಂಗೈ ನೆಲ್ಲಿಯಷ್ಟು ಸ್ಪಷ್ಟ ಅನ್ನುತ್ತಿದ್ದರು ನಮ್ಮ ಲೆಕ್ಕದ ಮೇಷ್ಟ್ರು,
ಯಾವುದು ನಮ್ಮ ತಲೆಗೆ ಹತ್ತಲಿಲ್ಲವೋ ಅದನ್ನೇ.
ಇದೂ ಹೆಚ್ಚುಕಡಿಮೆ ನೆಲ್ಲಿ ಗಾತ್ರದ್ದು,
ಮೂತ್ರಕೋಶದ ಕೆಳಗೆ ಮುದುಡಿ ಕೂತದ್ದು.
ಮುಂಬದಿಯಲ್ಲಿ ಒಂದು ಕಪ್ಪು,
ಇದ್ದಿಲಲ್ಲಿ ಬರೆದು ಹೆಬ್ಬೆರಳಲ್ಲಿ ಉಜ್ಜಿದಂತೆ.
ಗಡ್ಡೆಯೋ? ಸುಮ್ಮನೆ ವಯಸ್ಸೋ?
ನಾಲ್ಕಕ್ಕೇ ಕತ್ತಲಿಳಿಯುವ ಊರಿನಲ್ಲಿ
ನನ್ನ ಕಣ್ಣಿನದೇ ಕಪ್ಪೋ?

ಲೆಕ್ಕ ಇಡುವವನು ಗ್ವಿಲಿಮ್ ಅನ್ನುವ ಹುಡುಗ.
ಅರವತ್ತು ಜನರ ಚಿತ್ರ, ಒಬ್ಬೊಬ್ಬನದೂ ಮೂರು ವರ್ಷದ್ದು,
ಜನವರಿಯಲ್ಲೊಮ್ಮೆ ಕೊಟ್ಟ.
ಆಗಸ್ಟಿನಲ್ಲಿ ಅವನ್ನೇ ಇಸ್ಪೀಟಿನ ಹಾಗೆ ಕಲೆಸಿ
ಮತ್ತೆ ಹಂಚಿದ.
ಬೆಳೆದಿದೆಯೇ, ಇದ್ದಂತೆ ಇದೆಯೇ, ಕುಗ್ಗಿದೆಯೇ, ಬರೆಯಿರಿ.
ಬರೆದೆವು.
ಇಬ್ಬರ ಮಾತು ಎಷ್ಟು ತಾಳೆಯಾಯಿತು ಅನ್ನುವುದಕ್ಕೆ
ಅವನ ಹತ್ತಿರ ಒಂದು ಗ್ರೀಕ್ ಅಕ್ಷರವಿದೆ, ಕಪ್ಪಾ.
ಅದೃಷ್ಟಕ್ಕೆ ಹೊಂದಿದ್ದನ್ನು ಮೊದಲು ಕಳೆಯುತ್ತಾನೆ,
ಉಳಿದದ್ದು ನಿಜವಾದ ಒಪ್ಪಿಗೆಯಂತೆ.
ನಮ್ಮ ಭಾಷೆಯಲ್ಲಿ ಕಪ್ಪ ಅಂದರೆ
ಸೋತ ಅರಸ ಗೆದ್ದವನಿಗೆ ತೆರುವುದು, ಅಂದೆ.
'ಹತ್ತಿರ ಇದೆ' ಅಂದ, ಟೀಗೆ ಸಕ್ಕರೆ ಹಾಕುತ್ತ.
(ಮದುವೆಗಳಿಗೂ ಈ ಲೆಕ್ಕ ಹಾಕಬಹುದು. ಬೇಡ.)

ಫಲಿತಾಂಶ ಬಂತು.
ಮೂರೀನ್ ಜೊತೆ ನನ್ನದು: ಸೊನ್ನೆ ಪಾಯಿಂಟ್ ಆರು ಎರಡು. ಪರವಾಗಿಲ್ಲ.
ನನ್ನ ಜೊತೆ ನನ್ನದು: ಸೊನ್ನೆ ಪಾಯಿಂಟ್ ಐದು ಐದು.
ಎರಡು ಸಲ ಓದಿದೆ.
ಜನವರಿಯಲ್ಲಿ ಈ ಕುರ್ಚಿಯಲ್ಲಿ ಕೂತಿದ್ದವಳು ಯಾರು?
ಅವಳಿಗೆ ಹಲ್ಲುನೋವಿತ್ತು, ಅಷ್ಟು ನೆನಪಿದೆ.
ಹಂಬರ್ ನದಿಯ ಮೇಲೆ ಮಂಜು ಕವಿದು ಸೇತುವೆ ಅರ್ಧವೇ ಇತ್ತು;
ಉಳಿದರ್ಧವನ್ನು ನಂಬಿ ಕಾರು ಓಡಿಸಿಕೊಂಡು ಬಂದಿದ್ದಳು.
ಮೂವತ್ತೆಂಟನೆಯವನಿಗೆ ಅವಳು ಕೊಟ್ಟದ್ದು ಮೂರು.
ಆಗಸ್ಟಿನಲ್ಲಿ ನಾನು ಕೊಟ್ಟದ್ದು ನಾಲ್ಕು.
ಮೂರೀನ್ ಎರಡು ಸಲವೂ ಮೂರು.

ಭಿನ್ನ ಬಂದದ್ದನ್ನು ಕೂಡಿ ನೋಡಬೇಕು, ನಿಯಮ.
ಮೂರೀನ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು,
ಸಿಗರೇಟು ಬಿಟ್ಟು ಹನ್ನೆರಡು ವರ್ಷ, ಕೋಟಿಗೆ ಇನ್ನೂ ತಿಳಿದಿಲ್ಲ.
ಮೂರು ವರ್ಷ, ಮೂರು ಚಿತ್ರ, ಒಂದರ ಪಕ್ಕ ಒಂದು.
ಒಂದು ಮಿಲಿಮೀಟರು ಹೆಚ್ಚಿದೆ.
ಅಥವಾ ಆ ದಿನ ಅವನ ಹೊಟ್ಟೆಯಲ್ಲಿ ಗಾಳಿ ತುಂಬಿತ್ತು.
ಬಹಳ ಹೊತ್ತು ನೋಡಿದೆವು.
ಕೊನೆಗೆ ಅವಳ ಮೂವತ್ತು ವರ್ಷದ ಕಣ್ಣಿಗೆ ಮಣಿದು
'ಮೂರು' ಅಂದೆ ನಾನು.
ಅದೇ ಉಸಿರಲ್ಲಿ ನನ್ನ ಹಟಕ್ಕೆ ಮಣಿದು
'ನಾಲ್ಕು' ಅಂದಳು ಅವಳು.

ನಗುವಿಗೆ ಗ್ವಿಲಿಮ್ ಬಾಗಿಲಲ್ಲಿ ಇಣುಕಿದ:
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಸೂಜಿ ಹಾಕಿ ನೋಡಲಿ, ಅಂದೆವು. ಈ ಸಲ ಒಟ್ಟಿಗೆ.
ಅದರಲ್ಲಿ ಅದೃಷ್ಟ ಕಳೆದರೆ ಎಷ್ಟು ಉಳಿಯುತ್ತದೋ.
ನಂಬರಿನ ಗಂಟು ಬಿಚ್ಚಿ ಹೆಸರು ತೆಗೆಯಲು
ಸೋಮವಾರವಾಗುತ್ತದಂತೆ.
ಅಲ್ಲಿಯವರೆಗೆ ಮೂವತ್ತೆಂಟನೆಯವನು
ರಾತ್ರಿ ಎರಡಕ್ಕೊಮ್ಮೆ ನಾಲ್ಕಕ್ಕೊಮ್ಮೆ ಎದ್ದು,
ಬೆಳಿಗ್ಗೆ ಕೆನೆಬಣ್ಣದ ಫೋನ್ ಬೂತಿನ ಹತ್ತಿರ
ನಾಯಿಯ ಹಗ್ಗ ಸಡಿಲ ಬಿಟ್ಟು
ಅದು ಕಾಲೆತ್ತುವವರೆಗೆ
ತಾಳ್ಮೆಯಿಂದ ನಿಂತಿರಬಹುದು.